ಕಿವಿಯಿಲ್ಲದ ದೂರು

ಬಕೆಟ್ಟು ಮೀನಿನದು, ನೀಲಿ, ಹಿಡಿ ಮುರಿದದ್ದು.
ಹಿಮದಲ್ಲಿ ಸ್ಕೂಟರಿನ ಪಟ್ಟಿ ಒತ್ತಿದ ಗುರುತಿನ ಮೇಲೆ
ಅದನ್ನು ಬೋರಲು ಹಾಕಿ ಕಲ್ಲು ಹೇರಿದೆ.
ಗಾಳಿ ಆಗಲೇ ಅಂಚು ಕೊರೆಯುತ್ತಿತ್ತು.
ಆಮೇಲೆ ಫೋನು ಮಾಡಿದೆ.

ಸರದಿಯಲ್ಲಿ ನೀವು ನಾಲ್ಕನೆಯವರು, ಎಂದಿತು ಯಂತ್ರ.
ಗವಸು ಕಳಚಿದ ಬೆರಳು ಮೊದಲು ಉರಿಯಿತು,
ಆಮೇಲೆ ನನ್ನದೇ ಅಲ್ಲವೆನಿಸಿತು.
ಎಲ್ಲೋ ಬೆಚ್ಚನೆ ಕೋಣೆಯಿಂದ ಒಬ್ಬಳು ಕೇಳಿದಳು:
ಹೆಸರು?
ರಿಸ್ತೀನ್ ಉತ್ಸಿ.
ಏನಾಗಿದೆ?
ಹಿಮಸಾರಂಗ ಕೊಂದಿದ್ದಾರೆ. ಮೂರು. ಒಂದು ಗಬ್ಬದ್ದು.
ನಿಮ್ಮವೇ?
ನನ್ನವೇ.
ಕಿವಿಯ ಗುರುತು?
ಕಿವಿಗಳಿಲ್ಲ.

ಆ ಕಡೆ ಕೀಲಿಮಣೆ ನಿಂತಿತು.

ಬಲ್ಲವರು ಕೊಯ್ದು ಒಯ್ಯುತ್ತಾರೆ.
ತೊಡೆ, ಬೆನ್ನಿನ ಮಾಂಸ, ಮತ್ತೆ ಆರು ಕಿವಿ.
ಮಾಂಸ ಅವರ ಬಾಯಿಗೆ,
ಕಿವಿ ನನ್ನ ಬಾಯಿ ಮುಚ್ಚಿಸಲಿಕ್ಕೆ.
ಎಡಗಿವಿಯ ತುದಿಗೆ ಅಜ್ಜಿಯ ಕವಲು,
ಬಲಗಿವಿಯ ಹಿಂದೆ ನನ್ನವೇ ಎರಡು ಕಚ್ಚು.
ಹೆಸರಿಟ್ಟ ದಿನ ನನಗೆ ಬಂದ ಆಸ್ತಿ ಅದೊಂದೇ.

ಗುರುತಿಲ್ಲದೆ ನಿಮ್ಮದೆಂದು ಹೇಗೆ ಹೇಳುತ್ತೀರಿ?

ಹೋದ ವರ್ಷ ಬೇಲಿಗೆ ಸಿಕ್ಕು
ಹಿಂಗಾಲು ಸೊಟ್ಟಗಾದವಳು ಇವಳು.
ಅಂಗೈಯ ಪಾಚಿ ಬಿಟ್ಟು
ತೋಳಿನ ಉಪ್ಪು ನೆಕ್ಕುತ್ತಿದ್ದವಳು ಅವಳು.
ಇಷ್ಟೆಲ್ಲ ಬರೆಯಲು ನಿಮ್ಮ ಅರ್ಜಿಯಲ್ಲಿ ಎಷ್ಟು ಸಾಲಿದೆ?
ಕೇಳಲಿಲ್ಲ. 'ಗೊತ್ತು' ಎಂದೆ.
ಅವಳು ಅದನ್ನು ಟೈಪು ಮಾಡಿದ್ದು ಕೇಳಿಸಿತು,
ಮೂರೇ ತಟ್ಟು.

ಮನೆಯ ಡ್ರಾಯರಿನಲ್ಲಿ ಒಂಬತ್ತು ಪತ್ರಗಳಿವೆ.
ಒಂಬತ್ತರಲ್ಲೂ ಒಂದೇ ವಾಕ್ಯ:
ಆರೋಪಿ ಪತ್ತೆಯಾಗದ ಕಾರಣ ಪ್ರಕರಣ ಮುಕ್ತಾಯ.
ಕೊನೆಯದರಲ್ಲಿ ನನ್ನ ಹೆಸರೂ ತಪ್ಪು.
ಗಾಳಿಗೆ ಗುದ್ದಿ ಕೈ ನೋಯಿಸಿಕೊಳ್ಳಬೇಡ, ಎನ್ನುತ್ತಾನೆ ಐಸಾತ್.
ದೂರು ಕೊಡುವುದನ್ನು ಅವನು ಬಿಟ್ಟು ಆರು ವರ್ಷ.
ನಾನು ಬಿಟ್ಟಿಲ್ಲ. ಕಾರಣ ದೊಡ್ಡದೇನಲ್ಲ:
ಒಂಬತ್ತು ಒಂದು ಅಂಕಿ,
ಸುಮ್ಮನಿದ್ದರೆ ಸೊನ್ನೆ.

ಮೂರೂವರೆ ಗಂಟೆ ಕಾದೆ.
ಜನವರಿಯಲ್ಲಿ ನಮಗೆ ಸೂರ್ಯನಿಲ್ಲ,
ನಡುಹಗಲಿಗೆ ಒಂದಿಷ್ಟು ನೀಲಿ ಮಬ್ಬು, ಅಷ್ಟೆ.
ಕಾಡುಕಾಗೆಗಳು ಇಳಿದಾಗಲೆಲ್ಲ ಓಡಿಸಿದೆ,
ಅವು ತಿನ್ನುವುದೂ ಸಾಕ್ಷಿಯನ್ನೇ.
ನಾಯಿ ಬಕೆಟ್ಟಿಗೆ ಒರಗಿ ಮಲಗಿತು,
ಯಾರೂ ಹೇಳದೆ.

ಬಂದವನು ಹುಡುಗ.
ಎಳೆ ಮೀಸೆಯ ಮೇಲೆ ಹಿಮ, ಎದೆಯ ಮೇಲೆ 'ಟೊರ್ಗೈರ್'.
ದಕ್ಷಿಣದವನು, ನಮ್ಮ ಗುಡ್ಡದ ಹೆಸರು
ಅವನ ನಾಲಿಗೆಯಲ್ಲಿ ಹೊರಳಲಿಲ್ಲ.
ಯಾರ ಮೇಲೆ ಅನುಮಾನ?
ನಾನು ಊರ ಕಡೆ ನೋಡಿದೆ.
ನೋಡಬಾರದಿತ್ತೇನೋ.
ಅಂಗಡಿಯ ಸಾಲಿನಲ್ಲಿ ನನ್ನ ಮುಂದೆಯೇ ನಿಲ್ಲುವವನು,
ನನ್ನ ಮಗಳ ಮದುವೆಯಲ್ಲಿ ಕುಣಿದವನು.
ಪಟ್ಟಿಯ ಹಲ್ಲು ಮುರಿದ ಸ್ಕೂಟರು ಅವನದೆಂದು
ಊರಲ್ಲಿ ಯಾರಿಗೆ ಗೊತ್ತಿಲ್ಲ!
ನಾಲಿಗೆಯ ತುದಿಗೆ ಬಂದ ಹೆಸರು ಅಲ್ಲೇ ಹೆಪ್ಪುಗಟ್ಟಿತು.
'ಬಕೆಟ್ಟು ಎತ್ತು' ಎಂದೆ.

ಕಲ್ಲು ಸರಿಸಿ ಅವನು ಮಂಡಿಯೂರಿದ.
ಇದು ನನ್ನ ಹತ್ತನೆಯ ದೂರು,
ಹಿಮಕ್ಕೆ ಮಂಡಿಯೂರಿದ ಪೊಲೀಸನನ್ನು
ನಾನು ಕಂಡದ್ದು ಇದೇ ಮೊದಲು.
ಅಳತೆಪಟ್ಟಿ ಇಟ್ಟ. ಫೋಟೋ ತೆಗೆದ.
ಬೆರಳು ತಾಕಿಸದೆ ಎಣಿಸಿದ:
ಹಲ್ಲು, ಹಲ್ಲು, ಹಲ್ಲು, ಸಂದು.
ಮತ್ತೆ ಎಣಿಸಿದ.

ಕಿವಿ ಹೇಗಿತ್ತು? ಎಂದ.
ಅವನ ಪುಸ್ತಕದ್ದೇ ಹಾಳೆ ಹರಿದು, ಮಡಿಸಿ,
ಸೊಂಟದ ಚೂರಿಯಲ್ಲಿ ಕತ್ತರಿಸಿ ಕೊಟ್ಟೆ.
ಕವಲು. ಕಚ್ಚು. ಕಚ್ಚು.
ಅಂಗೈಯಲ್ಲಿಟ್ಟು ನೋಡಿದ,
ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೊಂದು ಸಂಖ್ಯೆ ಬರೆದ.
ಅದು ಸಾಕ್ಷ್ಯವಲ್ಲವಪ್ಪ, ನಾನೇ ಈಗ ಕತ್ತರಿಸಿದ್ದು.
'ಗೊತ್ತು' ಎಂದ.

ಅಚ್ಚು ತೆಗೆಯುವವರು ನಾಳೆ ಬರುತ್ತಾರಂತೆ.
ಬಕೆಟ್ಟು ಮತ್ತೆ ಬೋರಲು ಹಾಕಿ
ಕಲ್ಲು ಅವನೇ ಇಟ್ಟ.

ರಾತ್ರಿ ಬಿರುಗಾಳಿ ಎದ್ದಿತು.
ಮಲಗಿದ್ದಾನೆ ಅಂದುಕೊಂಡಿದ್ದೆ, ಐಸಾತ್ ಮಗ್ಗುಲಾಗಿ ಕೇಳಿದ:
ಆ ಕಲ್ಲು
ಎಷ್ಟು ದೊಡ್ಡದು?